ಒಂದು ಡಿಗ್ರಿಗೆ ಎಷ್ಟು ಕಿಲೋಮೀಟರ್?

ಒಂದು ಡಿಗ್ರಿಗೆ 111 ಕಿಲೋಮೀಟರ್ ಎಂಬ ಲೆಕ್ಕ ಶಾಲೆಯ ಭೂಗೋಳದ ಪಾಠದಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳವರೆಗೆ ಎಲ್ಲೆಡೆ ಚಲಾವಣೆಯಲ್ಲಿದೆ. ಅಕ್ಷಾಂಶದ ಮಟ್ಟಿಗೆ ಅದು ಹೆಚ್ಚುಕಡಿಮೆ ಸರಿ. ರೇಖಾಂಶದ ಮಟ್ಟಿಗೆ ಭೂಮಧ್ಯರೇಖೆಯ ಮೇಲೆ ನಿಂತವರಿಗೆ ಮಾತ್ರ ಸರಿ. ಆ ಸಂಖ್ಯೆ ಇಷ್ಟು ದುಂಡಗೆ ಕಾಣುವುದಕ್ಕೂ ಕಾರಣವಿದೆ. ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗವನ್ನು ಮೀಟರ್ ಎಂದು ಕರೆಯಬೇಕೆಂದು 1791ರಲ್ಲಿ ಫ್ರಾನ್ಸ್ ತೀರ್ಮಾನಿಸಿತ್ತು. ಹಾಗಾಗಿ ಆ ದೂರ 10,000 ಕಿಲೋಮೀಟರ್ ಆಯಿತು, ಅದನ್ನು 90ರಿಂದ ಭಾಗಿಸಿದರೆ 111.1 ಬರುತ್ತದೆ.

ರೇಖಾಂಶದ ಗೆರೆಗಳೆಲ್ಲ ಧ್ರುವಗಳಲ್ಲಿ ಕೂಡಿಕೊಳ್ಳುವುದರಿಂದ ಅವುಗಳ ನಡುವಿನ ಅಂತರ ದಾರಿಯುದ್ದಕ್ಕೂ ಕಿರಿದಾಗುತ್ತ ಹೋಗುತ್ತದೆ. ಎಷ್ಟು ಕಿರಿದಾಗುತ್ತದೆ ಎಂಬುದನ್ನು ಹೇಳುವುದು ಅಕ್ಷಾಂಶದ ಕೊಸೈನ್: ಭೂಮಧ್ಯರೇಖೆಯ 111.32 ಕಿಲೋಮೀಟರನ್ನು ಅದರಿಂದ ಗುಣಿಸಿದರೆ ಸಾಕು. ಚಾಮರಾಜನಗರದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 109 ಕಿಲೋಮೀಟರ್, ಬೀದರಿನಲ್ಲಿ 106, ಲೇಹ್‌ನಲ್ಲಿ 92, ಅರವತ್ತನೆಯ ಅಕ್ಷಾಂಶದಲ್ಲಿ ಸರಿಸುಮಾರು ಅರ್ಧ. ಇದೇನೂ ಹೊಸ ತಿಳಿವಳಿಕೆಯಲ್ಲ. ಭೂಮಿಯ ಪರಿಧಿಯನ್ನು ಲಂಬಜ್ಯಾದಿಂದ (ಅಂದರೆ ತ್ರಿಜ್ಯವನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿದ ಸಂಖ್ಯೆಯಿಂದ) ಗುಣಿಸಿ ತ್ರಿಜ್ಯಾದಿಂದ (ತ್ರಿಜ್ಯದಿಂದ) ಭಾಗಿಸಿದರೆ ಆಯಾ ಊರಿನ ಸ್ಫುಟ ಪರಿಧಿ, ಅಂದರೆ ಆ ಅಕ್ಷಾಂಶದ ಸುತ್ತಳತೆ, ಸಿಗುತ್ತದೆಂದು ಪ್ರಾಚೀನ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತ ಹೇಳುವುದೂ ಇದೇ ಕೊಸೈನನ್ನು. ಹಾಗೆಂದು ಎಲ್ಲವೂ ಅಲ್ಲೇ ಇತ್ತೆಂದು ಎದೆಯುಬ್ಬಿಸುವವರು, ಆ ಶ್ಲೋಕ ಭೂಮಿಯನ್ನು ಪರಿಪೂರ್ಣ ಗೋಳವೆಂದೇ ಎಣಿಸಿ ಹೊರಟಿದೆ ಎಂಬುದನ್ನೂ ಗಮನಿಸಬೇಕು.

ಸೂತ್ರ ಸುಲಭವಾದರೂ ರೇಖಾಂಶವನ್ನು ಪತ್ತೆಮಾಡುವುದು ಸುಲಭವಿರಲಿಲ್ಲ. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲತೀರವನ್ನು ಮುಟ್ಟಿದ. ಅಲ್ಲಿಯವರೆಗಿನ ಭೂಪಟಗಳಲ್ಲಿ ಸುಮಾರು 400 ಮೈಲಿಯಿದ್ದ ಪರ್ಯಾಯದ್ವೀಪದ ಅಗಲ ಅವನ ಲೆಕ್ಕದಲ್ಲಿ 360 ಮೈಲಿಗೆ ಇಳಿಯಿತು. ಇದನ್ನು ನಾವೇ ತಾಳೆ ನೋಡಬಹುದು: ಚೆನ್ನೈನ ರೇಖಾಂಶ 80.27, ಮಂಗಳೂರಿನದು 74.84, ವ್ಯತ್ಯಾಸ 5.43 ಡಿಗ್ರಿ, ಹದಿಮೂರನೆಯ ಅಕ್ಷಾಂಶದಲ್ಲಿ ಡಿಗ್ರಿಗೆ 108.5ರಂತೆ 589 ಕಿಲೋಮೀಟರ್, ಅಂದರೆ 366 ಮೈಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ಭೂಪಟದಲ್ಲಿ ಹೆಚ್ಚಿಗೆ ಇದ್ದ ಆ ನಲವತ್ತು ಮೈಲಿ ಗಡಿಯಾರದ ಎರಡು ನಿಮಿಷ ಇಪ್ಪತ್ತೆರಡು ಸೆಕೆಂಡುಗಳಿಗೆ ಸಮ. ಕಾಲವನ್ನು ನೋಡಿ ರೇಖಾಂಶ ಹೇಳಬೇಕಿದ್ದ ಆ ದಿನಗಳಲ್ಲಿ ಅಷ್ಟು ತಪ್ಪುವುದು ದೊಡ್ಡ ಮಾತಲ್ಲ.

ಇನ್ನು ಅಕ್ಷಾಂಶ. ಅದರ ಒಂದು ಡಿಗ್ರಿಯೂ ಎಲ್ಲೆಡೆ ಒಂದೇ ಉದ್ದವಿಲ್ಲ, ಮತ್ತು ಬಹಳ ಜನ ಎಡವುವುದು ಇಲ್ಲಿಯೇ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ, ಅಲ್ಲಿಂದ ಕೇಂದ್ರ ಹತ್ತಿರ, ಆದ್ದರಿಂದ ಡಿಗ್ರಿಯೂ ಗಿಡ್ಡವಾಗಿರಬೇಕು ಎಂಬುದು ಸಹಜವಾಗಿ ಹೊಳೆಯುವ ತರ್ಕ. ವಾಸ್ತವ ಇದಕ್ಕೆ ತದ್ವಿರುದ್ಧ: ಭೂಮಧ್ಯರೇಖೆಯ ಬಳಿ 110.57 ಕಿಲೋಮೀಟರ್ ಇರುವ ಡಿಗ್ರಿ ಧ್ರುವದ ಬಳಿ 111.69 ಆಗುತ್ತದೆ. ನಾವು ನಕ್ಷತ್ರಗಳನ್ನು ನೋಡಿ ಅಳೆಯುವ ಅಕ್ಷಾಂಶ ಭೂಕೇಂದ್ರದಲ್ಲಿ ಏರ್ಪಡುವ ಕೋನವಲ್ಲ, ನಿಂತ ನೆಲದ ಮೇಲೆ ತೂಗುಗುಂಡು ತೋರಿಸುವ ದಿಕ್ಕಿನ ಕೋನ ಎಂಬುದೇ ಇದರ ಗುಟ್ಟು. ಚಪ್ಪಟೆಯಾದ ಸಿಹಿಗುಂಬಳದ ಮೇಲೆ ಸಿಪ್ಪೆಗೆ ನೆಟ್ಟಗೆ ಒಂದು ಕಡ್ಡಿಯನ್ನು ಹಿಡಿದು, ಹಾಗೇ ಸರಿಸುತ್ತ ಹೋಗಿ ನೋಡಿ. ನೆತ್ತಿಯ ಸಮತಟ್ಟಾದ ಭಾಗದಲ್ಲಿ ಎಷ್ಟು ಸರಿಸಿದರೂ ಕಡ್ಡಿ ಹೆಚ್ಚು ವಾಲುವುದಿಲ್ಲ. ಉಬ್ಬಿದ ಪಕ್ಕೆಗೆ ಬಂದೊಡನೆ ಬೆರಳಗಲ ಸರಿದರೂ ಸರ್ರನೆ ತಿರುಗುತ್ತದೆ. ಬಾಗು ಕಡಿಮೆಯಿದ್ದಲ್ಲಿ ಲಂಬ ಒಂದು ಡಿಗ್ರಿ ವಾಲಲು ಹೆಚ್ಚು ದೂರ ನಡೆಯಬೇಕು, ಅಷ್ಟೆ. ಈ ವ್ಯತ್ಯಾಸಕ್ಕಾಗಿಯೇ ಹದಿನೆಂಟನೆಯ ಶತಮಾನದ ಫ್ರೆಂಚ್ ವಿದ್ವಾಂಸರು ಎರಡು ಅಳತೆಯ ಯಾತ್ರೆಗಳಿಗೆ ಹೊರಟರು. ಭೂಮಿ ಧ್ರುವಗಳತ್ತ ಉದ್ದವಾಗಿದೆ ಎಂದು ಫ್ರಾನ್ಸಿನ ಖಗೋಳಜ್ಞರಾದ ಕ್ಯಾಸಿನಿ ಮನೆತನದವರು ವಾದಿಸುತ್ತಿದ್ದರು. ನ್ಯೂಟನ್ ಅದಕ್ಕೆ ವಿರುದ್ಧವಾಗಿದ್ದ. 1735ರಲ್ಲಿ ಹೊರಟ ಒಂದು ತಂಡ ಭೂಮಧ್ಯರೇಖೆಯ ಬಳಿ, ಆಗಿನ ಪೆರುವಿನ (ಇಂದಿನ ಎಕ್ವಡಾರಿನ) ಪರ್ವತಗಳಲ್ಲಿ ವರ್ಷಗಟ್ಟಲೆ ಕಷ್ಟಪಡುತ್ತಿದ್ದಾಗಲೇ ಗಣಿತಜ್ಞ ಮೋಪರ್ಟ್ಯುಯಿಯ ತಂಡ ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನ ಡಿಗ್ರಿಯನ್ನು ಅಳೆದು, ಅದು ಪ್ಯಾರಿಸಿನ ಡಿಗ್ರಿಗಿಂತ ಉದ್ದವೆಂದು ಘೋಷಿಸಿತು. ಅವರ ಅಳತೆ ಇರಬೇಕಾದ್ದಕ್ಕಿಂತ ತುಸು ಹೆಚ್ಚೇ ಬಂದಿತ್ತು, ಆದರೆ ತೀರ್ಪು ಸರಿಯಾಗಿತ್ತು.

ಇಂದು ಇಷ್ಟೆಲ್ಲ ಶ್ರಮವಿಲ್ಲದೆ ಮೊಬೈಲು ಆರೇಳು ದಶಮಾಂಶ ಸ್ಥಾನಗಳವರೆಗೆ ಅಂಕಿಗಳನ್ನು ಉದುರಿಸುತ್ತದೆ. ಐದನೆಯ ಸ್ಥಾನ ಸುಮಾರು ಒಂದು ಮೀಟರಿಗೆ ಸಮ. ಅದರಾಚೆಯ ಅಂಕಿಗಳನ್ನು ಮೊಬೈಲಿನ ಜಿಪಿಎಸ್‌ನ ಮಟ್ಟಿಗೆ ಅಲಂಕಾರವೆಂದೇ ತಿಳಿಯಬೇಕು. ಹೆಚ್ಚು ಅಪಾಯಕಾರಿಯಾದದ್ದು ಡಿಗ್ರಿಯ ನಿಮಿಷಗಳನ್ನು ದಶಮಾಂಶವೆಂದು ಬರೆದುಬಿಡುವ ರೂಢಿ. ವಿಧಾನಸೌಧವಿರುವುದು 12 ಡಿಗ್ರಿ 58 ನಿಮಿಷ ಉತ್ತರ, 77 ಡಿಗ್ರಿ 35 ನಿಮಿಷ ಪೂರ್ವದಲ್ಲಿ, ಬಿಟ್ಟ ಸೆಕೆಂಡುಗಳನ್ನೂ ಸೇರಿಸಿದರೆ ದಶಮಾಂಶದಲ್ಲಿ 12.98, 77.59. ನಿಮಿಷವನ್ನು ಅರವತ್ತರಿಂದ ಭಾಗಿಸದೆ 12.58, 77.35 ಎಂದು ಒತ್ತಿದವರು ದಕ್ಷಿಣಕ್ಕೆ 0.40 ಡಿಗ್ರಿ, ಪಶ್ಚಿಮಕ್ಕೆ 0.24 ಡಿಗ್ರಿ ಸರಿಯುತ್ತಾರೆ. ಮೊದಲನೆಯದನ್ನು 110.6ರಿಂದಲೂ ಎರಡನೆಯದನ್ನು 108.5ರಿಂದಲೂ ಗುಣಿಸಿದರೆ 44 ಮತ್ತು 26 ಕಿಲೋಮೀಟರ್. ಪೈಥಾಗೊರಸನ ಪ್ರಮೇಯವನ್ನು ಹಚ್ಚಿದರೆ ಒಟ್ಟು 51. ವಿಧಾನಸೌಧ ಕನಕಪುರದ ಪಶ್ಚಿಮಕ್ಕೆ ಹೋಗಿ ಕೂತಿರುತ್ತದೆ.

ಈ ಗುಣಾಕಾರ ಜಿಲ್ಲೆ, ರಾಜ್ಯಗಳ ಮಟ್ಟದಲ್ಲಿ ಚೆನ್ನಾಗಿ ನಡೆಯುತ್ತದೆ, ಖಂಡಗಳಾಚೆಗೆ ನಡೆಯುವುದಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ರೇಖಾಂಶದ ವ್ಯತ್ಯಾಸ 160 ಡಿಗ್ರಿ, ಅಕ್ಷಾಂಶದ್ದು ಸುಮಾರು 25. ಎರಡರ ಸರಾಸರಿ ಅಕ್ಷಾಂಶದ ಕೊಸೈನ್ ಹಿಡಿದು ಇದೇ ರೀತಿ ಲೆಕ್ಕಹಾಕಿದರೆ 16,000 ಕಿಲೋಮೀಟರ್ ದಾಟುತ್ತದೆ. ಗೋಳದ ತ್ರಿಕೋನಮಿತಿಯಿಂದ ತೆಗೆದರೆ ಸುಮಾರು 14,000 ಮಾತ್ರ, ಏಕೆಂದರೆ ಅತಿ ಹತ್ತಿರದ ದಾರಿ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಬಹುಪಾಲು ಉತ್ತರಕ್ಕೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ಹಾರಿಬಂದದ್ದಕ್ಕೆ ಇದೂ ಒಂದು ಕಾರಣ.