ಪದ ಪರಿಚಯ: ಅಸಿಟೋಜೆನಿನ್

ಸೀತಾಫಲ ತಿಂದು ಉಗಿಯುವ ಕಪ್ಪು ಬೀಜ ಇದೆಯಲ್ಲ, ಅದನ್ನು ನಮ್ಮಜ್ಜಿ ಎಸೆಯುತ್ತಿರಲಿಲ್ಲ. ಒಣಗಿಸಿ, ಕುಟ್ಟಿ, ಎಣ್ಣೆಯಲ್ಲಿ ಕಲಸಿ ನಮ್ಮ ತಲೆಗೆ ಹಚ್ಚುತ್ತಿದ್ದರು. ಹೇನು ಸಾಯಲಿ ಅಂತ. ಹಚ್ಚುವ ಮೊದಲು, ಕಣ್ಣಿಗೆ ಇಳಿದೀತು ಅಂತ ಹೆದರಿ, ಹಣೆಗೆ ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಆ ಭಯ ಸುಮ್ನೆ ಅಲ್ಲ. ಈ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರವೇ ಸುಟ್ಟಂತಾಗುತ್ತದೆ. ಹಾಗಾಗಿ ನೀವು ಇದನ್ನು ಮಾಡಲು ಹೋಗಬೇಡಿ.

ಆ ಬೀಜದಲ್ಲಿ ಹೇನು ಕೊಲ್ಲುವ ವಸ್ತುವಿನ ಹೆಸರು ಅಸಿಟೋಜೆನಿನ್. ಅಸಿಟೇಟಿನಿಂದ ಹುಟ್ಟಿದ್ದು ಅಂತ ಅರ್ಥ. ಎರಡೆರಡು ಕಾರ್ಬನ್ನಿನ ಅಸಿಟೇಟ್ ತುಣುಕುಗಳನ್ನು ಗಿಡ ಮಣಿಯಂತೆ ಪೋಣಿಸುತ್ತಾ ಹೋಗುತ್ತದೆ. ಕೊನೆಗೆ ಮೂರು ಕಾರ್ಬನ್ನಿನ ಒಂದು ತುಣುಕೂ ಸೇರಿ 35 ಅಥವಾ 37 ಕಾರ್ಬನ್ನಿನ ಉದ್ದನೆಯ ಸರವಾಗುತ್ತದೆ. ಇದು ಒಂದೇ ವಸ್ತುವಲ್ಲ, ಇಡೀ ಮನೆತನದ ಹೆಸರು. 1982ರಲ್ಲಿ ಸೀತಾಫಲದ ಬಳಗದ ಒಂದು ಗಿಡದ ಬೇರಿನಲ್ಲಿ ಮೊದಲನೆಯದು ಸಿಕ್ಕಿತು. ಈಗ 400ಕ್ಕೂ ಜಾಸ್ತಿ ಗೊತ್ತಿವೆ. ಸೀತಾಫಲದಲ್ಲಿ ಸ್ಕ್ವಾಮೋಸಿನ್, ಅದೇ ಬಳಗದ ಇನ್ನೊಂದು ಹಣ್ಣು ಲಕ್ಷ್ಮಣಫಲದಲ್ಲಿ ಅನೋನಾಸಿನ್.

‘ಲಕ್ಷ್ಮಣಫಲ ಕಿಮೋಗಿಂತ 10,000 ಪಟ್ಟು ಶಕ್ತಿಶಾಲಿ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು, ಅಲ್ವಾ? ಆ ಸಂಖ್ಯೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದ್ದು. ಆದರೆ ಅಲ್ಲಿ ಬಳಸಿದ್ದು ಹಣ್ಣನ್ನಲ್ಲ, ಬೀಜದಿಂದ ಬೇರ್ಪಡಿಸಿದ ಒಂದು ಅಸಿಟೋಜೆನಿನ್ನನ್ನು. ಹಾಕಿದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ. ಹೋಲಿಸಿದ್ದು ಒಂದೇ ಒಂದು ಔಷಧಿಗೆ. ರೋಗಿ ಆ ಲೆಕ್ಕದಲ್ಲಿ ಇರಲೇ ಇಲ್ಲ.

ಕೊಲ್ಲುವುದು ಹೇಗೆ? ಹೆಚ್ಚುಕಮ್ಮಿ ಪ್ರತಿ ಕೋಶದೊಳಗೂ ಶಕ್ತಿ ತಯಾರಿಸುವ ಪುಟ್ಟ ಪುಟ್ಟ ಒಲೆಗಳಿವೆ, ಮೈಟೊಕಾಂಡ್ರಿಯ ಅಂತ. ಅಲ್ಲಿನ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಅಸಿಟೋಜೆನಿನ್ ಮೊದಲ ಹಂತಕ್ಕೇ ಬೆಣೆ ಹೊಡೆಯುತ್ತದೆ. ಒಲೆ ಆರುತ್ತದೆ, ಕೋಶ ಉಪವಾಸ ಬಿದ್ದು ಸಾಯುತ್ತದೆ. ಎಡೆಬಿಡದೆ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಶಕ್ತಿ ಜಾಸ್ತಿ ಬೇಕು. ಅದಕ್ಕೇ ವಿಜ್ಞಾನಿಗಳಿಗೆ ಇದರ ಮೇಲೆ ಆಸೆ. ಇಲಿಗಳಲ್ಲಿ ಗಡ್ಡೆ ಕುಗ್ಗಿದ್ದೂ ಉಂಟು.

ಆದರೆ ಅದೇ ಒಲೆ ನಮ್ಮ ಮಿದುಳಿನ ಕೋಶದಲ್ಲೂ ಉರಿಯುತ್ತಿದೆ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಲಕ್ಷ್ಮಣಫಲ ತಿನ್ನುವುದು, ಅದರ ಎಲೆಯ ಕಷಾಯ ಕುಡಿಯುವುದು ಹಳೆಯ ರೂಢಿ. ಅಲ್ಲಿ ಕೈಕಾಲು ನಡುಗಿಸುವ ಪಾರ್ಕಿನ್ಸನ್‌ನಂಥ, ಆದರೆ ಮಾಮೂಲಿ ಔಷಧಿಗೆ ಬಗ್ಗದ ಒಂದು ಕಾಯಿಲೆ ಜಾಸ್ತಿ ಇರುವುದನ್ನು ವೈದ್ಯರು ಗಮನಿಸಿ, 1999ರಲ್ಲಿ ಈ ಹಣ್ಣು ಮತ್ತು ಕಷಾಯದ ಮೇಲೆ ಅನುಮಾನಪಟ್ಟರು. ಆಮೇಲೆ ಅನೋನಾಸಿನ್ ಕೊಟ್ಟ ಇಲಿಗಳ ಮಿದುಳಿನಲ್ಲೂ ಕೋಶಗಳು ಸತ್ತಿದ್ದವು.

ಈ ಹಣ್ಣುಗಳಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಮನುಷ್ಯರ ಮೇಲಿನ ಯಾವ ಪರೀಕ್ಷೆಯೂ ತೋರಿಸಿಲ್ಲ. ವಾಸಿಯಾಗಬಹುದಾದ ಕಾಯಿಲೆಗೆ ಕಿಮೋ ಬಿಟ್ಟು ಕಷಾಯ ಹಿಡಿದು ತಿಂಗಳುಗಟ್ಟಲೆ ಕಳೆಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೀತಾಫಲದ ಕಾಲ ಬಂದಾಗ ತಿರುಳನ್ನು ಖುಷಿಯಾಗಿ ತಿನ್ನಿ, ಬೀಜ ಅಗಿಯಬೇಡಿ. ಚಿಕಿತ್ಸೆಯಲ್ಲಿ ಇರುವವರ ಮನೆಗೆ ಯಾರಾದರೂ ಪ್ರೀತಿಯಿಂದ ಲಕ್ಷ್ಮಣಫಲದ ಎಲೆ ತಂದುಕೊಟ್ಟರೆ, ಕುದಿಸುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ.