ಕಣ್ಣು ಬಿದ್ದದ್ದಲ್ಲ, ದಮ್ಮು ಬಿಟ್ಟದ್ದು

ವಿಜಯಪುರದ ಸಿದ್ಧೇಶ್ವರ ಜಾತ್ರೆ ಇರಲಿ, ಬಾಗಲಕೋಟೆ ಕಡೆಯ ಹಳ್ಳಿಯ ಜಾತ್ರೆ ಇರಲಿ, ಗುಂಡು ಎತ್ತುವ ಕಣದಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ಪೈಲ್ವಾನ ಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆಯುತ್ತಾನೆ, ಹಲಗಿ ಸದ್ದು ಏರುತ್ತದೆ, ಎರಡು ಹೆಜ್ಜೆ ಇಟ್ಟವನು ಧೊಪ್ಪನೆ ಕುಸಿಯುತ್ತಾನೆ. ‘ಯಾರದೋ ಕಣ್ಣು ಬಿತ್ತ ನೋಡ್ರಿ’ ಎಂದು ನಿಂಬೆಹಣ್ಣು ಇಳಿಸಲು ಓಡುತ್ತಾರೆ. 2016ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ 500 ಕೆಜಿ ಡೆಡ್‌ಲಿಫ್ಟ್ (ನೆಲದ ಭಾರವನ್ನು ತೊಡೆಯ ಮಟ್ಟಕ್ಕೆ ಎತ್ತುವುದು) ಮಾಡಿದ ಬ್ರಿಟನ್ನಿನ ಬಲಶಾಲಿ ಎಡ್ಡಿ ಹಾಲ್ ಕೂಡ ಎಚ್ಚರ ತಪ್ಪಿದ, ಮೂಗಲ್ಲಿ ರಕ್ತ ಬಂತು. ಅವನಿಗೆ ಯಾರ ಕಣ್ಣು ಬಿದ್ದಿತ್ತು?

ಗುಂಡು ಎತ್ತುವುದು ತೋಳಲ್ಲ, ನಡು. 100 ಕೆಜಿಯ ಗ್ರಾನೈಟ್ ಗುಂಡಿನ ವ್ಯಾಸ ಸುಮಾರು 41 ಸೆಂ.ಮೀ. ಅದರ ನಡುಬಿಂದು ಬೆನ್ನೆಲುಬಿನಿಂದ 50 ಸೆಂ.ಮೀ. ದೂರವಿದ್ದರೆ, ಬೆನ್ನೆಲುಬಿನ ಹಿಂದೆ 5 ಸೆಂ.ಮೀ. ಅಂತರದಲ್ಲಿರುವ ಸ್ನಾಯು ಕಲ್ಲೊಂದಕ್ಕೇ 1,000 ಕೆಜಿಯಷ್ಟು ಎಳೆಯಬೇಕು. ಅಪ್ಪಿಕೊಂಡು 35ಕ್ಕೆ ತಂದರೆ 700 ಸಾಕು. ಸ್ಕಾಟ್ಲೆಂಡಿನ ಡಿನ್ನಿ ಕಲ್ಲುಗಳು ಎರಡೂ ಸೇರಿ 332.5 ಕೆಜಿ, ಕಬ್ಬಿಣದ ಬಳೆ ಹಿಡಿದು ಮೈಗೆ ಹತ್ತಿರವೇ ಎತ್ತುವುದರಿಂದ ಅಷ್ಟು ಭಾರ ಮೇಲೇಳುತ್ತದೆ. ಗುಂಡಿಗೆ ಬಳೆ ಎಲ್ಲಿ? ಮೊಣಕೈ ನೇರ ಇಟ್ಟು ತೊಡೆಯ ಮೇಲೆ ಎಳೆದು ಕೂರಿಸಿ, ಅಲ್ಲಿಂದ ಎದೆಗೆ ಅಪ್ಪಿ, ಸೊಂಟ ಮುಂದಕ್ಕೆ ನೂಕುತ್ತ ಏಳಬೇಕು. ಮೊಣಕೈ ಮಡಚಿ ಜಗ್ಗಿದರೆ ತೋಳಿನ ಸ್ನಾಯುರಜ್ಜು ಎಲುಬಿನಿಂದ ಕಿತ್ತುಬರಬಹುದು. ಆಮೇಲೆ ಆಪರೇಷನ್ನೇ ಗತಿ.

ಇನ್ನು ದಮ್ಮು. ಜೋಳದ ಚೀಲ ಗಟ್ಟಿ ತುಂಬಿದ್ದರೆ ನೆಟ್ಟಗೆ ನಿಲ್ಲುತ್ತದೆ, ಅರ್ಧ ತುಂಬಿದ್ದರೆ ವಾಲುತ್ತದೆ. ಉಸಿರೆಳೆದು ಗಂಟಲು ಬಿಗಿದಾಗ ಹೊಟ್ಟೆಯೂ ಗಾಳಿ ಹೊಡೆದ ಟ್ರ್ಯಾಕ್ಟರ್ ಟೈರಿನಂತಾಗಿ ಬೆನ್ನೆಲುಬಿಗೆ ಮುಂದಿನಿಂದ ಆಸರೆ ಕೊಡುತ್ತದೆ. ನಡುಪಟ್ಟಿಯ ಕೆಲಸ ಆ ಟೈರಿಗೆ ಗೋಡೆ ಕಟ್ಟುವುದು. ಆದರೆ ಅದೇ ಒತ್ತಡ ಹೃದಯಕ್ಕೆ ರಕ್ತ ತರುವ ನಾಳಗಳನ್ನೂ ಅದುಮುತ್ತದೆ, ಹೊಲದಲ್ಲಿ ಹಾಸಿದ ಪೈಪಿನ ಮೇಲೆ ಎತ್ತು ಕಾಲಿಟ್ಟ ಹಾಗೆ. ಅದೇ ಹೊತ್ತಿಗೆ ಬಿಗಿದ ಸ್ನಾಯು, ಹಿಡಿದ ದಮ್ಮು ಸೇರಿ ಬಿಪಿಯನ್ನು ಏರಿಸುತ್ತವೆ. 1985ರಲ್ಲಿ ಕೆನಡಾದ ಸಂಶೋಧಕರು ಭಾರ ಒತ್ತುತ್ತಿದ್ದವರ ಅಪಧಮನಿಯೊಳಗೇ ನಳಿಕೆ ಇಟ್ಟು ಅಳೆದರು: ಕಾಲಿನಿಂದ ಒತ್ತುವಾಗ ಸರಾಸರಿ ಬಿಪಿ 320/250!

ಕಲ್ಲು ಒಗೆದು ‘ಹಾ’ ಎಂದು ದಮ್ಮು ಬಿಟ್ಟ ಗಳಿಗೆ ಎಲ್ಲ ತಲೆಕೆಳಗು. ಬಿಗಿದ ಸ್ನಾಯುಗಳು ಸಡಿಲಾಗಿ ರಕ್ತ ಅಲ್ಲೇ ತುಂಬಿಕೊಳ್ಳುತ್ತದೆ, ಹೃದಯದ ಕೈಗೆ ಪಂಪ್ ಮಾಡಲು ಸಾಕಷ್ಟು ಸಿಗದು, ಬಿಪಿ ಕುಸಿಯುತ್ತದೆ. ನಲ್ಲಿಯ ಜೋರು ಕಡಿಮೆಯಾದರೆ ಮೊದಲು ಒಣಗುವುದು ಮೇಲಿನ ಮಹಡಿ. ಮೈಯಲ್ಲಿ ಆ ಮಹಡಿ ಮಿದುಳು. ನಿಂತವನು ಕೆಲವೇ ಸೆಕೆಂಡಿಗೆ ಕಣ್ಣು ಕತ್ತಲೆಯಾಗಿ ಬೀಳುತ್ತಾನೆ.

ಎಲ್ಲ ಬೀಳುವಿಕೆಯೂ ಇಷ್ಟು ಹಗುರಲ್ಲ. ಜಗತ್ತಿನ ಬಲಶಾಲಿ ಪಟ್ಟವನ್ನು ನಾಲ್ಕು ಸಲ ಗೆದ್ದ ಐಸ್‌ಲ್ಯಾಂಡಿನ ಯೋನ್ ಪೌಲ್ ಸಿಗ್ಮಾರ್ಸನ್ 1993ರಲ್ಲಿ, 32ನೇ ವಯಸ್ಸಿಗೆ, ಭಾರ ಎತ್ತುತ್ತಲೇ ತೀರಿಕೊಂಡ. ಬಿಪಿ ಇರುವವರು ತಾಯತ ಕಟ್ಟಿಸುವ ಮುಂಚೆ ಡಾಕ್ಟರಿಗೆ ತೋರಿಸಲಿ. ಎತ್ತುವವನು ಕಲ್ಲು ಒಗೆದ ಕೂಡಲೇ ಕೈ ಮೇಲೆತ್ತಿ ನಿಲ್ಲದೆ ಮೊಣಕಾಲೂರಿ, ಉಸಿರನ್ನು ಸ್ವಲ್ಪಸ್ವಲ್ಪವೇ ಬಿಡಲಿ.

ಬಿದ್ದನೆಂದರೆ ಎಬ್ಬಿಸಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ, ಸುತ್ತ ಮುತ್ತಿಕೊಳ್ಳಬೇಡಿ. ಉಸಿರಾಡುತ್ತಿದ್ದಾನೆಯೇ ನೋಡಿ, ನಡುಪಟ್ಟಿ ಸಡಿಲಿಸಿ. ಉಸಿರಾಡದಿದ್ದರೆ, ಒಂದು ನಿಮಿಷಕ್ಕೆ ಎಚ್ಚರವಾಗದಿದ್ದರೆ, ಎದೆನೋವು ಎಂದರೆ, ತಲೆಗೆ ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ. ಉಳಿದಂತೆ ಅಂಗಾತ ಮಲಗಿಸಿ ಕಾಲು ಎತ್ತರದಲ್ಲಿಟ್ಟರೆ ಸಾಕು. ಆಸರೆಗೆ ಏನನ್ನೂ ಹುಡುಕಬೇಕಿಲ್ಲ, ಸ್ಪರ್ಧೆಗೆ ತಂದ ಉಸುಕಿನ ಚೀಲ ಪಕ್ಕದಲ್ಲೇ ಇರುತ್ತದೆ.