ಕಂಪ್ಯೂಟರು ಕಲ್ಲೋ, ಎತ್ತೋ?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಬರೆದ ಚದುರಂಗದ ಎಂಜಿನ್‌ಗಳ (ಚದುರಂಗ ಆಡುವ ಪ್ರೋಗ್ರಾಂಗಳ) ನಡುವೆ ಪಂದ್ಯಾವಳಿ ಏರ್ಪಡಿಸಿದ್ದೇವೆ. ಅವರವರ ಕಂಪ್ಯೂಟರ್ ತರಬಹುದೆಂದು ಮೊದಲು ತಿಳಿಸಿದ್ದೆವು. ಕೆಲವರ ಬಳಿ ಬಲು ದುಬಾರಿ ಯಂತ್ರಗಳಿರುವುದನ್ನು ಕಂಡ ಮೇಲೆ, ಎಲ್ಲರೂ ಲ್ಯಾಬಿನ ಕಂಪ್ಯೂಟರಿನಲ್ಲೇ ಆಡಿಸಬೇಕೆಂದು ನಿಯಮ ಬದಲಿಸಿದೆವು. ಈಗ ಜಗಳ ಎದ್ದಿದೆ. ಎಲ್ಲರಿಗೂ ಒಂದೇ ಯಂತ್ರ ಕೊಟ್ಟರೆ ಅದರಲ್ಲಿ ಅನ್ಯಾಯ ಎಲ್ಲಿ ಬಂತು?
— ರಾಯಚೂರಿನ ಓದುಗರೊಬ್ಬರು

ಉತ್ತರ: ಕಾರಹುಣ್ಣಿಮೆಯ ಹೊತ್ತಿಗೆ ನಿಮ್ಮೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವುದನ್ನು ನೀವು ನೋಡಿಯೇ ಇರುತ್ತೀರಿ. ಒಂದು ವಿಭಾಗದಲ್ಲಿ ಕಲ್ಲು ಎಲ್ಲ ಜೋಡಿಗೂ ಒಂದೇ, ಎತ್ತು ಮಾತ್ರ ಅವರವರದು. ಎತ್ತನ್ನು ಆರಿಸಿ ತಂದದ್ದು, ಮೇಯಿಸಿದ್ದು, ಪಳಗಿಸಿದ್ದು ಎಲ್ಲವೂ ಸ್ಪರ್ಧೆಯ ಭಾಗವೇ ಆಗಿರುವುದರಿಂದ, ಎಲ್ಲರಿಗೂ ಒಂದೇ ಜೋಡಿ ಕೊಡಿರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಚದುರಂಗದ ಎಂಜಿನ್‌ಗೆ ಕಂಪ್ಯೂಟರು ಕಲ್ಲೋ, ಎತ್ತೋ ಎಂಬುದನ್ನು ತೀರ್ಮಾನಿಸುವ ಮೊದಲೇ ನೀವು ಕಣ ಸಿದ್ಧಮಾಡಿದಿರಿ. ಜಗಳದ ಬೇರು ಅಲ್ಲಿದೆ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರಂಭವಾದ ವಿಶ್ವ ಕಂಪ್ಯೂಟರ್ ಚದುರಂಗ ಚಾಂಪಿಯನ್‌ಷಿಪ್‌ನಲ್ಲಿ ಬಹುಕಾಲ ಯಂತ್ರಕ್ಕೆ ಮಿತಿಯೇ ಇರಲಿಲ್ಲ. 1983ರಲ್ಲಿ ಗೆದ್ದ ಕ್ರೇ ಬ್ಲಿಟ್ಜ್ ಓಡಿದ್ದು ಸೂಪರ್ ಕಂಪ್ಯೂಟರಿನ ಮೇಲೆ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂನ ಡೀಪ್ ಬ್ಲೂನಲ್ಲಿ ಚದುರಂಗಕ್ಕೆಂದೇ ತಯಾರಿಸಿದ 480 ಚಿಪ್‌ಗಳಿದ್ದವು. ಅದರಲ್ಲಿ ಪ್ರೋಗ್ರಾಂ ಎಲ್ಲಿ ಮುಗಿದು ಯಂತ್ರ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯುವುದೇ ಕಷ್ಟ. ಹಾಗೆಂದು ಯಂತ್ರವೇ ಸರ್ವಸ್ವವೆಂದೂ ಅಲ್ಲ: 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ವಿಶ್ವ ಕೂಟದಲ್ಲಿ ಇದೇ ಡೀಪ್ ಬ್ಲೂನ ಆರಂಭದ ರೂಪವನ್ನು, ಸಾಧಾರಣ ಪೆಂಟಿಯಂ ಕಂಪ್ಯೂಟರಿನ ಮೇಲೆ ಓಡುತ್ತಿದ್ದ ಫ್ರಿಟ್ಜ್ ಮಣಿಸಿ ಪ್ರಶಸ್ತಿಯನ್ನೂ ಗೆದ್ದುಕೊಂಡಿತು.

ನಿಮ್ಮ ಪ್ರಸಂಗಕ್ಕೆ ಅತ್ಯಂತ ಹತ್ತಿರವಾದದ್ದು ಇದೇ ಚಾಂಪಿಯನ್‌ಷಿಪ್‌ನ 2009ರ ಕಥೆ. ಹಿಂದಿನ ವರ್ಷ ಬೀಜಿಂಗ್‌ನಲ್ಲಿ ರಿಬ್ಕಾ ಎಂಬ ಎಂಜಿನ್ ಹಲವು ಕಂಪ್ಯೂಟರುಗಳನ್ನು ಒಟ್ಟಿಗೆ ಜೋಡಿಸಿದ 40 ಕೋರ್‌ಗಳ ಕ್ಲಸ್ಟರ್ ಮೇಲೆ ಆಡಿ ಗೆದ್ದಿತ್ತು (ಕೋರ್ ಎಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕ). 2009ರ ಪಾಂಪ್ಲೋನಾ ಕೂಟಕ್ಕೆ ಸಂಘಟಕರು, ಅಂಗಡಿಯಲ್ಲಿ ಸಿಗುವ ಯಂತ್ರ, ಹೆಚ್ಚೆಂದರೆ 8 ಕೋರ್ ಎಂಬ ಮಿತಿ ಹಾಕಿದರು. ಮನೆಯ ಕಂಪ್ಯೂಟರಿನಲ್ಲಿ ಒಬ್ಬನೇ ಕುಳಿತು ಎಂಜಿನ್ ಬರೆಯುವವನಿಗೆ ಇದು ನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಎದುರು ಪಕ್ಷದ ವಾದವನ್ನೂ ಹಣದ ಸೊಕ್ಕೆಂದು ತಳ್ಳಿಹಾಕುವಂತಿಲ್ಲ. ಎಂಜಿನ್ ಒಂದು ನಡೆ ಕೆಟ್ಟದ್ದೆಂದು ಗೊತ್ತಾದ ಕೂಡಲೇ, ಅದರಿಂದ ಮುಂದೆ ಮರದಂತೆ ಕವಲೊಡೆಯುವ ನಡೆಗಳ ಆ ಕೊಂಬೆಯನ್ನು ಕತ್ತರಿಸಿ ಮುಂದಿನದಕ್ಕೆ ಹೋಗುತ್ತದೆ. ಅಂದರೆ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಫಲಿತಾಂಶವನ್ನು ನೆಚ್ಚಿಕೊಂಡಿರುತ್ತದೆ. 40 ಕೋರ್‌ಗಳು ಒಮ್ಮೆಗೇ ಹುಡುಕಲು ಹೊರಟಾಗ, ಕತ್ತರಿಸಿ ಬಿಡಬೇಕಾಗಿದ್ದ ಕೊಂಬೆಗಳನ್ನೇ ಹಲವು ಕೋರ್‌ಗಳು ತಡಕಾಡುವುದರಿಂದ ದುಡಿಮೆಯ ಬಹುಪಾಲು ದಂಡವಾಗುತ್ತದೆ. ಆ ನಷ್ಟವನ್ನು ಕಡಿಮೆಮಾಡುವುದು ಪ್ರೋಗ್ರಾಂ ಬರೆಯುವವನ ವಿದ್ಯೆಯೇ ಹೊರತು ಅಂಗಡಿಯಲ್ಲಿ ಕೊಳ್ಳುವ ಸರಕಲ್ಲ. 8 ಕೋರ್‌ಗಳ ಮಿತಿ ಬಂದ ದಿನ ಆ ವಿದ್ಯೆಯ ಬೆಲೆಯೂ ಇಳಿಯಿತು.

ತಮಾಷೆಯೆಂದರೆ ಮಿತಿ ಹಾಕಿದ ವರ್ಷವೂ ರಿಬ್ಕಾನೇ ಗೆದ್ದಿತು. (ಬೇರೆ ಎಂಜಿನ್‌ಗಳ ಕೋಡ್ ಬಳಸಿದ ಆರೋಪದ ಮೇಲೆ 2011ರಲ್ಲಿ ಅದರ ಪ್ರಶಸ್ತಿಗಳನ್ನು ಹಿಂತೆಗೆದುಕೊಂಡದ್ದು ಬೇರೆಯೇ ಕಥೆ.) 2010ರಲ್ಲಿ ಸಂಘಟಕರು ಮಿತಿಯನ್ನು ತೆಗೆದು, ಮುಖ್ಯ ಕೂಟವನ್ನು ಮೊದಲಿನಂತೆ ಮುಕ್ತವಾಗಿ ಬಿಟ್ಟು, ಎಲ್ಲರೂ ಒಂದೇ ಬಗೆಯ ಯಂತ್ರದ ಮೇಲೆ ಆಡುವ ಸಾಫ್ಟ್‌ವೇರ್ ಚಾಂಪಿಯನ್‌ಷಿಪ್ ಒಂದನ್ನು ಪ್ರತ್ಯೇಕವಾಗಿ ಆರಂಭಿಸಿದರು.

ಇನ್ನು 'ಒಂದೇ ಯಂತ್ರ' ಎಂಬ ಮಾತಿಗೆ ಬರೋಣ. ನರಜಾಲದ (ನ್ಯೂರಲ್ ನೆಟ್‌ವರ್ಕ್) ಎಂಜಿನ್‌ಗಳು, ಅಂದರೆ ತರಬೇತಿಯಿಂದ ಆಟ ಕಲಿಯುವಂಥವು, ಬಂದ ಮೇಲೆ ಆ ಮಾತು ಸಡಿಲವಾಗಿದೆ. 2018ರಲ್ಲಿ ಎಂಜಿನ್‌ಗಳ ಟಿಸಿಇಸಿ ಪಂದ್ಯಾವಳಿಗೆ ಲೀಲಾ ಚೆಸ್ ಝೀರೋ ಎಂಬ ಇಂಥ ಎಂಜಿನ್ ಮೊದಲು ಬಂದಾಗ, ನರಜಾಲದ ಲೆಕ್ಕವನ್ನು ವೇಗವಾಗಿ ಮಾಡುವ ಗ್ರಾಫಿಕ್ಸ್ ಕಾರ್ಡ್ ಅಲ್ಲಿ ಇರಲಿಲ್ಲ. ಎಲ್ಲರಂತೆ ಅದೂ ಪ್ರೊಸೆಸರ್ ಮೇಲೆಯೇ ಆಡಿ ಅತಿ ಕೆಳಗಿನ ವಿಭಾಗದಲ್ಲಿ ಕೊನೆಗೆ ಬಿತ್ತು. ಅದೇ ವರ್ಷದ ಮುಂದಿನ ಆವೃತ್ತಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ದೊರೆತಾಗ ಆ ವಿಭಾಗವನ್ನು ಗೆದ್ದಿತು. ಅಷ್ಟರೊಳಗೆ ಅದರ ತರಬೇತಿಯೂ ಬಹಳ ಮುಂದುವರಿದಿತ್ತು, ನಿಜ. ಆದರೂ ಆ ಮೊದಲ ಸಲದ ಸಮಾನತೆ ಅದರ ಪಾಲಿಗೆ ಸಮಾನತೆಯಾಗಿರಲಿಲ್ಲ. ಹಾಗಿದ್ದರೆ ಇಷ್ಟು ಕೋರ್‌ಗೆ ಇಂಥ ಕಾರ್ಡ್ ಸಮವೆಂದು ಹೇಳುವುದು ಹೇಗೆ? ಬೆಲೆಯಿಂದ ಅಳೆದರೆ ಒಂದು ಉತ್ತರ, ಸುಡುವ ವಿದ್ಯುತ್ತಿನಿಂದ ಅಳೆದರೆ ಇನ್ನೊಂದು. 2017ರಲ್ಲಿ ನರಜಾಲದ್ದೇ ಎಂಜಿನ್ ಆದ ಆಲ್ಫಾಝೀರೋ 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡು ಪ್ರೊಸೆಸರ್ ಮೇಲೆ ಓಡುವ ಸ್ಟಾಕ್‌ಫಿಶ್ ಎಂಬ ಎಂಜಿನ್ ಅನ್ನು ಸೋಲಿಸಿದಾಗಲೂ, ಸ್ಟಾಕ್‌ಫಿಶ್‌ಗೆ ಕೊಟ್ಟ 1 ಜಿಬಿ ಹ್ಯಾಶ್ ಮೆಮೊರಿ (ಒಮ್ಮೆ ಲೆಕ್ಕಹಾಕಿದ ಸ್ಥಿತಿಗಳನ್ನು ನೆನಪಿಟ್ಟುಕೊಳ್ಳುವ ಜಾಗ) ಮತ್ತು ನಡೆಗೆ 1 ನಿಮಿಷವೆಂಬ ಕಾಲಮಿತಿಯ ಬಗ್ಗೆ ತಕರಾರು ಎದ್ದಿತು. ಮರುವರ್ಷ ಪ್ರಕಟವಾದ 1,000 ಆಟಗಳ ಸರಣಿಯಲ್ಲಿ ಎರಡನ್ನೂ ಬದಲಿಸಿದ್ದರು. ಆಗಲೂ ಆಲ್ಫಾಝೀರೋ 155 ಗೆದ್ದು 6 ಮಾತ್ರ ಸೋತಿತು.

ಆದ್ದರಿಂದ ನಿಮ್ಮ ಹೊಸ ನಿಯಮ ತಪ್ಪಲ್ಲ; ಅದನ್ನು ತಂದ ಹೊತ್ತು ತಪ್ಪು. ಹೆಸರು ಕೊಟ್ಟು ತಿಂಗಳುಗಟ್ಟಲೆ ತಯಾರಿ ನಡೆಸಿದವರಿಗೆ, ಎತ್ತು ಹೂಡಿದ ಮೇಲೆ ಕಲ್ಲು ಬದಲಿಸಿದಂತಾಗಿದೆ. ಈ ಸಲ ಎರಡು ಬಹುಮಾನ ಇಡಿ: ಒಂದು ಸ್ವಂತ ಯಂತ್ರದ ವಿಭಾಗಕ್ಕೆ, ಒಂದು ಲ್ಯಾಬಿನ ವಿಭಾಗಕ್ಕೆ. ಲ್ಯಾಬಿನ ವಿಭಾಗದಲ್ಲಿ ಎಷ್ಟು ಕೋರ್, ಎಷ್ಟು ಹ್ಯಾಶ್, ಗ್ರಾಫಿಕ್ಸ್ ಕಾರ್ಡ್ ಉಂಟೋ ಇಲ್ಲವೋ ಎಂಬುದನ್ನು ಈಗಲೇ ಬರೆದು ಹಾಕಿ, ಒಂದು ಸಂಜೆ ಎಲ್ಲರಿಗೂ ಅಲ್ಲಿ ಓಡಿಸಿ ನೋಡಲು ಬಿಡಿ. ರಾಯಚೂರಿನ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ: ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಎಸಿಯ ಕೆಳಗಿನ ಕಂಪ್ಯೂಟರೂ ಕಿಟಕಿಯ ಪಕ್ಕದ್ದೂ ಮಧ್ಯಾಹ್ನದ ಹೊತ್ತಿಗೆ ಒಂದೇ ಯಂತ್ರವಾಗಿ ಉಳಿಯುವುದಿಲ್ಲ. ಪ್ರತಿ ಸುತ್ತಿಗೂ ಆಸನ ಬದಲಿಸುವುದು ಒಳ್ಳೆಯದು.